ಸ್ಟೈಯರ್ ಕೊಳ್ಳಲೋ, ಮೊರಿನಿ ಕೊಳ್ಳಲೋ?

ಪ್ರಶ್ನೆ: 10 ಮೀಟರ್ ಏರ್ ಪಿಸ್ತೂಲ್ ವಿಭಾಗದಲ್ಲಿ ಎರಡು ವರ್ಷದಿಂದ ಕ್ಲಬ್ಬಿನ ಪಿಸ್ತೂಲಿನಲ್ಲೇ ಅಭ್ಯಾಸ ಮಾಡುತ್ತಿದ್ದೇನೆ. 60 ಶಾಟ್‌ಗೆ 600ರಲ್ಲಿ 545ರಿಂದ 555ರ ನಡುವೆ ಅಂಕ ಬರುತ್ತದೆ. ಈಗ ಸ್ವಂತದ್ದೊಂದನ್ನು ಕೊಳ್ಳಬೇಕು. ಮುಂದಿರುವುದು ಎರಡೇ: ಮೆಕ್ಯಾನಿಕಲ್ ಟ್ರಿಗರ್ ಇರುವ ಹೊಸ ಸ್ಟೈಯರ್ ಇವೊ 10, ಇಲ್ಲವೇ ನಾಲ್ಕು ವರ್ಷ ಬಳಸಿದ ಮೊರಿನಿ ಸಿಎಂ 162 ಇಐ. ಹಿಂಬಡಿತ ನುಂಗುವ ಅಬ್ಸಾರ್ಬರ್ ಇರುವುದನ್ನೇ ತಗೊಳ್ಳಿ ಎನ್ನುವವರು ಕೆಲವರು, ಎಲೆಕ್ಟ್ರಾನಿಕ್ ಟ್ರಿಗರ್ ಬಿಟ್ಟು ಬೇರೆಯದನ್ನು ಮುಟ್ಟಲೇಬೇಡಿ ಎನ್ನುವವರು ಕೆಲವರು. ಎರಡನ್ನೂ ಕೈಯಲ್ಲಿ ಹಿಡಿದು ಹೊಡೆದು ನೋಡಲು ಒಂದು ದಿನ ಸಿಗುತ್ತದೆ. ಆ ದಿನ ಏನು ನೋಡಬೇಕು, ಹೇಗೆ ತೀರ್ಮಾನಿಸಬೇಕು?

ಉತ್ತರ: ಇವೆರಡರಲ್ಲಿ ಯಾವುದು ಹೆಚ್ಚು ನಿಖರ ಎಂಬ ಪ್ರಶ್ನೆಯನ್ನು ಮೊದಲು ಪಕ್ಕಕ್ಕಿಡಿ. ಈ ದರ್ಜೆಯ ಯಾವ ಪಿಸ್ತೂಲನ್ನಾದರೂ ವೈಸ್‌ನಲ್ಲಿ ಬಿಗಿದು, ಅದಕ್ಕೆ ಒಗ್ಗುವ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಹಾಕಿ ಹೊಡೆದರೆ ಐದಕ್ಕೈದೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹಾದುಹೋಗುತ್ತವೆ. ಹತ್ತರ ಉಂಗುರದ ವ್ಯಾಸ 11.5 ಮಿ.ಮೀ., ಪೆಲೆಟ್ಟಿನದು 4.5 ಮಿ.ಮೀ. ಗೆರೆಗೆ ತಾಗಿದರೂ ಮೇಲಿನ ಅಂಕವೇ ಸಿಗುವುದರಿಂದ, ಪೆಲೆಟ್ಟಿನ ನಡುಬಿಂದು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಸಾಕು, ಹತ್ತು. ಎರಡೂ ಪಿಸ್ತೂಲಿಗೆ ಅದು ಆರಾಮದ ಕೆಲಸ. ನೀವು ಕಳೆದುಕೊಳ್ಳುತ್ತಿರುವ 50 ಅಂಕಗಳಲ್ಲಿ ಬ್ಯಾರೆಲ್ಲಿನ ಪಾಲು ಇಲ್ಲವೆಂದೇ ಇಟ್ಟುಕೊಳ್ಳಿ.

ಆ 50 ಹೋಗುತ್ತಿರುವುದೆಲ್ಲಿ? ಈ ಪಿಸ್ತೂಲುಗಳಲ್ಲಿ ಗುರಿ ಹಿಡಿಯಲು ನೋಡುವ ಹಿಂದಿನ ಸೈಟಿಗೂ (ರಿಯರ್ ಸೈಟು) ಮುಂದಿನ ಸೈಟಿಗೂ (ಫ್ರಂಟ್ ಸೈಟು) ಸುಮಾರು 320 ಮಿ.ಮೀ. ದೂರ ಇರುತ್ತದೆ. ಗುರಿ ಇರುವುದು 10,000 ಮಿ.ಮೀ. ಆಚೆ. ತೋಳು ಅಲುಗಿ ಇಡೀ ಪಿಸ್ತೂಲು ನೇರ ಪಕ್ಕಕ್ಕೆ 1 ಮಿ.ಮೀ. ಸರಿದರೆ ಗುರಿಯಲ್ಲೂ ಸರಿಯುವುದು ಅಷ್ಟೇ, 1 ಮಿ.ಮೀ. ಆದರೆ ಮಣಿಕಟ್ಟು ತಿರುಗಿ ಫ್ರಂಟ್ ಸೈಟು ರಿಯರ್ ಸೈಟಿನ ಕಚ್ಚಿನಲ್ಲಿ 1 ಮಿ.ಮೀ. ಸರಿಯಿತೋ, ಗುರಿಯಲ್ಲಿ 31 ಮಿ.ಮೀ. ತಪ್ಪುತ್ತದೆ. ಅದು ಏಳು ಅಂಕದ ಶಾಟ್, ಅದೂ ಏಳರ ಹೊರಗೆರೆಯ ಅಂಚಿನಲ್ಲಿ. ತೋಳಿನ ತೂಗಾಟ ಕಣ್ಣಿಗೆ ದೊಡ್ಡದಾಗಿ ಕಂಡರೂ ಅಂಕ ತಿನ್ನುವುದು ಕಡಿಮೆ. ಟ್ರಿಗರ್ ಒತ್ತುವ ಕೊನೆಯ ಗಳಿಗೆಯಲ್ಲಿ ಸೈಟುಗಳ ಜೋಡಣೆ ಕೆಡುವುದೇ ಎಂಟು, ಏಳುಗಳಿಗೆ ಕಾರಣ. ಹಾಗಾಗಿ ಒತ್ತುವಾಗ ಯಾವ ಪಿಸ್ತೂಲು ನಿಮ್ಮ ಕೈಯಲ್ಲಿ ಸೈಟುಗಳನ್ನು ಕದಲಿಸದೆ ಬಿಡುತ್ತದೋ ಅದನ್ನು ಕೊಳ್ಳಬೇಕು. ಅದನ್ನು ನಿರ್ಧರಿಸುವುದು ಮೊದಲು ಗ್ರಿಪ್ಪು, ಆಮೇಲೆ ಟ್ರಿಗರ್. ಮಿಕ್ಕಿದ್ದೆಲ್ಲ ಅವುಗಳ ಹಿಂದೆ.

ಗ್ರಿಪ್ಪು

ಅಂಗಡಿಯಲ್ಲಿ ಕೈಗೆತ್ತಿಕೊಂಡು "ಹಿತವಾಗಿದೆ" ಅನ್ನಿಸುವುದಕ್ಕೆ ಬೆಲೆಯಿಲ್ಲ. ಮೊದಲ ಹಿಡಿತಕ್ಕೆ ಹಿತವೆನಿಸುವ ಗ್ರಿಪ್ಪು ಎಷ್ಟೋ ಸಲ ಒಂದು ಅಳತೆ ದೊಡ್ಡದಿರುತ್ತದೆ. ಹಿಡಿಯುವ ಕ್ರಮ ಹೀಗಿರಲಿ: ಎಡಗೈಯಲ್ಲಿ ಬ್ಯಾರೆಲ್ಲಿನ ಕೆಳಗೆ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲನ್ನು ಗ್ರಿಪ್ಪಿನ ಹಿಂಬದಿಗೆ, ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಒತ್ತಿ ಕೂರಿಸಿ. ಆಮೇಲೆ ಮೂರು ಬೆರಳು ಸುತ್ತಿ. ಕೊನೆಗೆ ಅಂಗೈಗೆ ಕೆಳಗಿನಿಂದ ಆಸರೆಯಾಗುವ ಪಾಮ್ ಶೆಲ್ಫನ್ನು ಮೇಲೆತ್ತಿ ಅಂಗೈಯ ಅಂಚಿಗೆ ಮುಟ್ಟುವಷ್ಟಕ್ಕೆ ನಿಲ್ಲಿಸಿ ಸ್ಕ್ರೂ ಬಿಗಿಯಿರಿ. ಬಹಳ ಜನ ಶೆಲ್ಫನ್ನು ಅಂಗೈ ಅದುಮುವಷ್ಟು ಬಿಗಿ ಮಾಡುತ್ತಾರೆ. ಹತ್ತು ಶಾಟ್‌ವರೆಗೆ ಅದು ಗಟ್ಟಿ ಹಿಡಿತದಂತೆ ಅನ್ನಿಸುತ್ತದೆ. ಮೂವತ್ತರ ಹೊತ್ತಿಗೆ ಕಿರುಬೆರಳಿನ ಕಡೆ ಜೋಮು ಹಿಡಿದು ಹಿಡಿತವೇ ಬದಲಾಗಿರುತ್ತದೆ.

ಈಗ ತೋರುಬೆರಳನ್ನು ನೋಡಿ. ಬೆರಳಿನ ಮೊದಲ ಗೆಣ್ಣಿನ ಮೆದುಭಾಗದ ನಡುವು ಟ್ರಿಗರಿನ ಮೇಲೆ ಕೂರಬೇಕು, ಒತ್ತಡ ಬ್ಯಾರೆಲ್ಲಿಗೆ ನೇರ ಹಿಂದಕ್ಕೆ ಬರಬೇಕು. ಬೆರಳಿನ ಮಿಕ್ಕ ಭಾಗ ಮರಕ್ಕೆ ಎಲ್ಲೂ ತಾಗಬಾರದು. ಬೆರಳಿಗೂ ಮರಕ್ಕೂ ನಡುವೆ ಕಾಗದದ ಹಾಳೆಯೊಂದು ತಡೆಯಿಲ್ಲದೆ ಓಡಾಡಬೇಕು. ತಾಗಿದರೆ, ಟ್ರಿಗರ್ ಒತ್ತಿದಾಗಲೆಲ್ಲ ಬೆರಳು ಮರವನ್ನೂ ತಳ್ಳುತ್ತದೆ, ಫ್ರಂಟ್ ಸೈಟು ಎಡಕ್ಕೆ ಜಾರುತ್ತದೆ. ಎರಡೂ ಪಿಸ್ತೂಲಿನಲ್ಲಿ ಟ್ರಿಗರನ್ನು ಹಿಂದೆ ಮುಂದೆ ಸರಿಸಬಹುದು. ಪೂರ್ತಿ ಹಿಂದಕ್ಕೆ ತಂದರೂ ಬೆರಳು ಎಟಕಿಸಲು ಕೈಯನ್ನು ಗ್ರಿಪ್ಪಿನ ಸುತ್ತ ತಿರುಗಿಸಬೇಕಾಗಿ ಬಂದರೆ ಆ ಗ್ರಿಪ್ಪು ನಿಮ್ಮದಲ್ಲ, ಒಂದು ಸೈಜು ಚಿಕ್ಕದು ಕೇಳಿ.

ಆಮೇಲೆ ಕಣ್ಣು ಮುಚ್ಚಿ ಮಾಡುವ ಪರೀಕ್ಷೆ. ಅಂದಿನ ಕೆಲಸಗಳಲ್ಲೆಲ್ಲ ಮುಖ್ಯವಾದದ್ದು ಇದೇ. ಖಾಲಿ ಪಿಸ್ತೂಲು, ಎದುರಿಗೆ ಗುರಿಯಿಲ್ಲದ ಬಿಳಿ ಹಾಳೆ. ನಿಮ್ಮ ಮಾಮೂಲಿ ನಿಲುವಿನಲ್ಲಿ ನಿಂತು, ಕಣ್ಣು ಮುಚ್ಚಿ, ಪಿಸ್ತೂಲನ್ನು ಎತ್ತಿ ಇಳಿಸಿ ನೆಲೆಗೊಳಿಸಿ, ಉಸಿರು ಬಿಟ್ಟು ಕಣ್ಣು ತೆರೆಯಿರಿ. ಹಾಳೆಯ ಎಲ್ಲಿಗೆ ಮೂತಿ ಮಾಡಿದೆ ಎಂಬುದು ಬೇಡ. ಫ್ರಂಟ್ ಸೈಟು ಕಚ್ಚಿನ ನಡುವೆ ಇದೆಯೇ, ಮೇಲ್ತುದಿಗಳು ಒಂದೇ ಮಟ್ಟದಲ್ಲಿವೆಯೇ ಎಂದಷ್ಟೇ ನೋಡಿ ಬರೆದುಕೊಳ್ಳಿ. ಪಿಸ್ತೂಲನ್ನು ಕೆಳಗಿಟ್ಟು, ಕೈ ಬಿಡಿಸಿ, ಹೊಸದಾಗಿ ಹಿಡಿದು ಮತ್ತೆ ಮಾಡಿ. ಒಂದೊಂದರಲ್ಲೂ ಹತ್ತು ಸಲ.

ಫಲಿತಾಂಶ ಓದುವ ಬಗೆ: ಹತ್ತರಲ್ಲಿ ಎಂಟು ಸಲ ಫ್ರಂಟ್ ಸೈಟು ಒಂದೇ ಕಡೆ, ಉದಾಹರಣೆಗೆ ಬಲಕ್ಕೆ, ಬಿದ್ದಿದ್ದರೆ ಗ್ರಿಪ್ಪು ಕೈಗೆ ಕೂರುತ್ತಿದೆ, ಕೋನ ಮಾತ್ರ ತಪ್ಪಿದೆ. ಅದು ಗಾಬರಿಪಡುವ ಸಂಗತಿಯಲ್ಲ. ಕೋನ ಬದಲಿಸುವ ಹೊಂದಾಣಿಕೆಯಿಂದಲೋ, ತುಸು ಪುಟ್ಟಿ ಮತ್ತು ಅರದಿಂದಲೋ ಸರಿಹೋಗುತ್ತದೆ. ಒಮ್ಮೆ ಎಡ, ಒಮ್ಮೆ ಬಲ, ಒಮ್ಮೆ ಮೇಲೆ ಎಂದು ಚೆಲ್ಲಾಪಿಲ್ಲಿಯಾಗಿದ್ದರೆ ಕೈ ಪ್ರತಿಸಲ ಬೇರೆ ಜಾಗದಲ್ಲಿ ಕೂರುತ್ತಿದೆ ಎಂದರ್ಥ. ಸಾಮಾನ್ಯವಾಗಿ ಗ್ರಿಪ್ಪು ದೊಡ್ಡದಾದಾಗ ಹೀಗಾಗುತ್ತದೆ. ಇದನ್ನು ಯಾವ ಸ್ಕ್ರೂ ತಿರುಗಿಸಿಯೂ ಸರಿಪಡಿಸಲಾಗದು. ಇನ್ನೊಂದು ಎಚ್ಚರ: ಸೈಟು ಬಲಕ್ಕೆ ಬಿತ್ತೆಂದು ಕಾಲು ಸರಿಸಿ ಸರಿಮಾಡಲು ಹೋಗಬೇಡಿ. ಕಾಲು ಸರಿಸಿದರೆ ಇಡೀ ತೋಳು ಗುರಿಯ ಕಡೆ ತಿರುಗುತ್ತದೆ ಹೊರತು ಎರಡು ಸೈಟುಗಳ ನಡುವಿನ ಜೋಡಣೆ ಹಾಗೇ ಉಳಿಯುತ್ತದೆ.

ಪುಟ್ಟಿ ಹಾಕುವುದಾದರೆ ಕೊಂಡ ದಿನವೇ ಬೇಡ. ಕನಿಷ್ಠ ಮೂರು ನಾಲ್ಕು ವಾರ ಹೊಡೆದು, ಎಲ್ಲಿ ಖಾಲಿ ಬಿದ್ದಿದೆ ಎಂದು ತಿಳಿದ ಮೇಲೆ, ಎರಡು ಭಾಗ ಕಲಸುವ ಎಪಾಕ್ಸಿ ಮರದ ಪುಟ್ಟಿಯನ್ನು ತೆಳ್ಳಗೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಹಿಡಿದು ಅಚ್ಚು ಮೂಡಿಸಿ. ಒಣಗಿದ ಮೇಲೆ ಒರಟು ಮೇಲ್ಮೈ ಉಳಿಯುವಂತೆ ಉಜ್ಜಿ; ನುಣುಪು ಮಾಡಿದರೆ ಬೆವರಿದ ಕೈ ಜಾರುತ್ತದೆ. ನಿಯಮದ ಮಿತಿಯೂ ನೆನಪಿರಲಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದಂತೆ ಗ್ರಿಪ್ಪು ಕೈಯನ್ನು ಸುತ್ತುವರಿಯಬಾರದು, ಪಾಮ್ ಶೆಲ್ಫು ಗ್ರಿಪ್ಪಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿರಬಾರದು, ಅದರ ಅಂಚು ಮೇಲಕ್ಕೆ ಬಾಗಬಾರದು, ಹೆಬ್ಬೆರಳು ಮೇಲ್ಮುಖವಾಗಿ ಸಲೀಸಾಗಿ ಏಳುವಂತಿರಬೇಕು. ಪುಟ್ಟಿ ಮೆತ್ತುವ ಉತ್ಸಾಹದಲ್ಲಿ ಹೆಬ್ಬೆರಳಿನ ಮೇಲೆ ಚಾವಣಿ ಕಟ್ಟಿದವರು ಸಲಕರಣೆ ತಪಾಸಣೆಯ ಮೇಜಿನ ಮುಂದೆ ನಿಂತು ಅರ ಹುಡುಕುತ್ತಾರೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೊರಿನಿ ಬಳಸಿದ್ದು. ಹಿಂದಿನವರು ಅದರ ಗ್ರಿಪ್ಪನ್ನು ತಮ್ಮ ಕೈಗೆ ಕೆತ್ತಿಕೊಂಡಿದ್ದರೆ ಆ ಗ್ರಿಪ್ಪಿನಲ್ಲಿ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ. ಹಾಗಿದ್ದರೆ ಅದೇ ಮಾದರಿಯ ಕೆತ್ತದ ಗ್ರಿಪ್ಪೊಂದನ್ನು ಎರವಲು ತಂದು ಹಾಕಿ ನೋಡಿ, ಹೊಸ ಗ್ರಿಪ್ಪಿನ ಬೆಲೆಯನ್ನೂ ಪಿಸ್ತೂಲಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಟ್ರಿಗರ್

ನಿಯಮದಂತೆ ಏರ್ ಪಿಸ್ತೂಲಿನ ಟ್ರಿಗರ್ ಭಾರ 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಬ್ಯಾರೆಲ್ಲನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರಿನ ನಡುವಿಗೆ 500 ಗ್ರಾಂ ತೂಕ ತಗುಲಿಸಿ ಎತ್ತಿದಾಗ ತೂಕ ಮೇಲೇಳಬೇಕು, ಟ್ರಿಗರ್ ಬಿಡಬಾರದು. ಮೂರು ಯತ್ನಕ್ಕೆ ಅವಕಾಶವಿದೆ. ಸ್ಪರ್ಧೆ ಮುಗಿದ ಮೇಲೂ ಕೆಲವರನ್ನು ಆರಿಸಿ ತೂಗುತ್ತಾರೆ. ಆಗ ಸೋತರೆ ಅನರ್ಹ. ಆದ್ದರಿಂದ ಸರಿಯಾಗಿ 500ಕ್ಕೆ ಕೂರಿಸುವುದು ಜಾಣತನವಲ್ಲ. 515, 520 ಇಟ್ಟುಕೊಳ್ಳಿ. ಆ 20 ಗ್ರಾಂ ಬೆರಳಿಗೆ ಗೊತ್ತೂ ಆಗುವುದಿಲ್ಲ.

ಎರಡೂ ಎರಡು ಹಂತದ ಟ್ರಿಗರುಗಳೇ. ಮೊದಲ ಹಂತದಲ್ಲಿ ಟ್ರಿಗರ್ ಹಗುರ ಸ್ಪ್ರಿಂಗಿನ ಎದುರು ತುಸು ಹಿಂದಕ್ಕೆ ಸರಿದು ಒಂದೆಡೆ ನಿಲ್ಲುತ್ತದೆ. ಅಲ್ಲಿಂದ ಇನ್ನಷ್ಟು ಒತ್ತಿದರೆ ಬಿಡುತ್ತದೆ. ಒಟ್ಟು 520ರಲ್ಲಿ ಮೊದಲ ಹಂತಕ್ಕೆ 380, ಉಳಿದ 140 ಎರಡನೆಯದಕ್ಕೆ ಎಂಬುದು ಆರಂಭಕ್ಕೆ ಒಳ್ಳೆಯ ಹಂಚಿಕೆ. ಮೊದಲ ಹಂತಕ್ಕೆ ಬಹಳ ಕಡಿಮೆ ಕೊಟ್ಟರೆ ಎರಡನೆಯ ಹಂತದ ಗೋಡೆ ಗಟ್ಟಿಯಾಗಿ, ಬೆರಳು ಅದಕ್ಕೆ ಒದ್ದಂತೆ ಒತ್ತಲು ಶುರುಮಾಡುತ್ತದೆ. ಬಹಳ ಹೆಚ್ಚು ಕೊಟ್ಟರೆ ಗೋಡೆ ಎಲ್ಲಿದೆಯೆಂದೇ ತಿಳಿಯದೆ ಶಾಟ್ ಜಾರಿಹೋಗುತ್ತದೆ.

ಇವೊ 10ರ ಮೆಕ್ಯಾನಿಕಲ್ ಟ್ರಿಗರಿನಲ್ಲಿ ಒಂದು ಉಕ್ಕಿನ ಅಂಚು ಇನ್ನೊಂದರ ಮೇಲೆ ಕೂದಲೆಳೆಯಷ್ಟು ಮಾತ್ರ ಕಚ್ಚಿಕೊಂಡಿರುತ್ತದೆ. ಅದೇ ಸಿಯರ್. ಈ ಕಚ್ಚು ಹೆಚ್ಚಾದರೆ ಗೋಡೆ ಮುಟ್ಟಿದ ಮೇಲೂ ಟ್ರಿಗರ್ ತೆವಳುತ್ತದೆ. ಒತ್ತುತ್ತಿರುವಾಗ ಅದು ಸರಿಯುವುದು ಬೆರಳಿಗೆ ತಿಳಿದು ಗಮನ ಸೈಟಿನಿಂದ ಕೈಗೆ ಜಾರುತ್ತದೆ. ಕಡಿಮೆಯಾದರೆ ಗಾಜು ಮುರಿದಂತೆ ಚುರುಕಾಗಿ ಬಿಡುತ್ತದೆ. ಆದರೆ ತೀರಾ ಕಡಿಮೆ ಮಾಡಿದರೆ ಲೋಡ್ ಮಾಡಿ ಮುಚ್ಚುವಾಗಲೇ, ಇಲ್ಲವೇ ಪಿಸ್ತೂಲು ಮೇಜಿಗೆ ತಗುಲಿದಾಗಲೇ ಹಾರಬಹುದು. ಸಿಯರ್ ಸ್ಕ್ರೂವನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಪ್ರತಿಸಲವೂ ಪೆಲೆಟ್ ಹಾಕದೆ, ಮೂತಿ ಗುರಿಯತ್ತಲೇ ಇಟ್ಟು, ಇಪ್ಪತ್ತು ಸಲ ಮುಚ್ಚಿ ತೆರೆದು ನೋಡಿ. ಒಮ್ಮೆ ತಾನಾಗಿ ಬಿಟ್ಟರೂ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ. ಎಷ್ಟು ತಿರುಗಿಸಿದಿರೆಂದು ಬರೆದಿಡದೆ ಕೈಹಾಕಿದರೆ ಕಾರ್ಖಾನೆಯ ಸೆಟ್ಟಿಂಗಿಗೆ ಮರಳುವ ದಾರಿ ಸಿಗುವುದಿಲ್ಲ.

ಮೊರಿನಿಯಲ್ಲಿ ಬೆರಳು ಸ್ಪ್ರಿಂಗನ್ನು ಒತ್ತಿ ಒಂದು ಸ್ವಿಚ್ಚನ್ನಷ್ಟೇ ತಾಗಿಸುತ್ತದೆ. ಮಿಕ್ಕ ಕೆಲಸ ವಿದ್ಯುತ್ತಿನದು. ಸಿಯರ್ ಸವೆಯುವ ಪ್ರಶ್ನೆಯಿಲ್ಲದ್ದರಿಂದ ಇವತ್ತು ಹೇಗೆ ಬಿಟ್ಟಿತೋ ಎರಡು ವರ್ಷದ ಮೇಲೂ ಹಾಗೇ ಬಿಡುತ್ತದೆ. ತೆವಳುವಿಕೆ ಇಲ್ಲ. ಜೊತೆಗೆ, ಎಲೆಕ್ಟ್ರಾನಿಕ್ ಟ್ರಿಗರಿನಲ್ಲಿ ಪ್ರತಿಸಲ ಕಾಕ್ ಮಾಡುವ (ಟ್ರಿಗರನ್ನು ಮತ್ತೆ ಸಜ್ಜುಗೊಳಿಸುವ) ಗೋಜಿಲ್ಲದೆ ಮತ್ತೆ ಮತ್ತೆ ಡ್ರೈ ಫೈರ್ (ಪೆಲೆಟ್ಟಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಮಾಡಬಹುದು, ಹಿಡಿತ ಕದಲುವುದಿಲ್ಲ. ಮನೆಯಲ್ಲಿ ಡ್ರೈ ಫೈರ್ ಹೆಚ್ಚು ಮಾಡುವವರಿಗೆ ಇದು ದೊಡ್ಡ ಲಾಭ. ನನ್ನ ಮಟ್ಟಿಗೆ ಎಲೆಕ್ಟ್ರಾನಿಕ್ ಟ್ರಿಗರಿನ ನಿಜವಾದ ಗುಣ ಇದೇ, ಹೊರತು "ಹಗುರ" ಎಂಬುದಲ್ಲ. ಭಾರ ಎರಡರಲ್ಲೂ ಒಂದೇ.

ಇನ್ನು ಕೆಡುವ ರೀತಿ. ಮೆಕ್ಯಾನಿಕಲ್ ಟ್ರಿಗರ್ ಕೆಡುವಾಗ ಸೂಚನೆ ಕೊಡುತ್ತದೆ. ಧೂಳು ಸೇರಿ, ಎಣ್ಣೆ ಗಟ್ಟಿಯಾಗಿ ತೆವಳುವಿಕೆ ಹೆಚ್ಚುತ್ತದೆ, ಭಾರ ಹತ್ತಿಪ್ಪತ್ತು ಗ್ರಾಂ ಸರಿಯುತ್ತದೆ; ನೀವು ಇನ್ನೂ ಹೊಡೆಯುತ್ತಲೇ ಇರಬಹುದು. ಎಲೆಕ್ಟ್ರಾನಿಕ್‌ನಲ್ಲಿ ಬ್ಯಾಟರಿ, ಅದರ ಸಂಪರ್ಕ, ಸ್ವಿಚ್ಚು, ಸರ್ಕಿಟ್ಟು ಇವುಗಳಲ್ಲಿ ಒಂದು ಕೈಕೊಟ್ಟರೆ ಸಾಕು, ಪಿಸ್ತೂಲು ನಿಂತೇ ಬಿಡುತ್ತದೆ. ಇದು ಅಪರೂಪ. ಆದರೆ ಸ್ಪರ್ಧೆಯ ನಡುವೆ ಪಿಸ್ತೂಲು ನಿಂತರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್ ಉದಾಹರಣೆ: 2021ರ ಜುಲೈನಲ್ಲಿ 10 ಮೀಟರ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನಲ್ಲಿ ದೋಷ ಕಾಣಿಸಿ ಅಮೂಲ್ಯ ಸಮಯ ಹೋಯಿತು, ಅವರು 575 ಅಂಕದೊಂದಿಗೆ 12ನೆಯವರಾಗಿ ಫೈನಲ್ ತಪ್ಪಿಸಿಕೊಂಡರು. ಅರ್ಹತಾ ಸುತ್ತಿನಲ್ಲಿ 60 ಶಾಟ್‌ಗೆ ಇರುವುದು 75 ನಿಮಿಷ. ಪಕ್ಕದಲ್ಲಿ ಇನ್ನೊಂದು ಪಿಸ್ತೂಲು ಇಟ್ಟುಕೊಳ್ಳಲಾಗದ ನಿಮ್ಮಂಥವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಲೆಕ್ಟ್ರಾನಿಕ್ ಆರಿಸಿದರೆ ಪ್ರತಿ ದೊಡ್ಡ ಸ್ಪರ್ಧೆಯ ಹಿಂದಿನ ವಾರ ಹೊಸ ಬ್ಯಾಟರಿ, ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆ, ಅದನ್ನು ಬದಲಿಸುವ ಸ್ಕ್ರೂಡ್ರೈವರ್, ಬದಲಿಸಿ ಅಭ್ಯಾಸವಾದ ಕೈ ಇವಿಷ್ಟೂ ಇರಬೇಕು.

ಅಬ್ಸಾರ್ಬರ್, ತೂಕ, ಸೈಟು

ಅಬ್ಸಾರ್ಬರ್ ಎಂದರೆ ಶಾಟ್ ಹಾರುವಾಗ ಪಿಸ್ತೂಲಿನೊಳಗೆ ಸರಿದು ಹಿಂಬಡಿತವನ್ನು ನುಂಗುವ ಪುಟ್ಟ ತೂಕ. ಇವೊ 10ರಲ್ಲಿ ಇದೆ, 162 ಇಐಯಲ್ಲಿ ಇಲ್ಲ. ಎಷ್ಟು ಹಿಂಬಡಿತವನ್ನು ನುಂಗಬೇಕಿದೆ ನೋಡಿ: ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಒಂದು ಕಿಲೋ ತೂಕದ ಪಿಸ್ತೂಲಿಗೆ ಸಿಗುವ ಹಿಂಬಡಿತ ಸೆಕೆಂಡಿಗೆ 7.5 ಸೆಂ.ಮೀ. ವೇಗದ್ದು, ಹೊರಬೀಳುವ ಗಾಳಿಯದು ಸೇರಿದರೆ ಇನ್ನೊಂದಿಷ್ಟು. ಪೆಲೆಟ್ಟು ಬ್ಯಾರೆಲ್ ಬಿಡುವಷ್ಟರಲ್ಲಿ ಪಿಸ್ತೂಲು ಕದಲುವುದು ಅತ್ಯಲ್ಪ. ಅಬ್ಸಾರ್ಬರಿನ ಲಾಭ ಇರುವುದು ಶಾಟ್ ಆದ ನಂತರ: ಸೈಟು ನೆಗೆಯದೆ ಇದ್ದಲ್ಲೇ ಕಾಣುವುದರಿಂದ ಶಾಟ್ ಎಲ್ಲಿ ಹೋಯಿತೆಂದು ಹೇಳುವುದು ಸುಲಭ. ಕಲಿಯುವವರಿಗೆ ಅದು ಒಳ್ಳೆಯದೇ. ಆದರೆ ತಪ್ಪು ಒತ್ತುವಿಕೆಯನ್ನು ಅದು ತಿದ್ದುವುದಿಲ್ಲ. ಕೈಗೆ ಹೊಂದದ ಗ್ರಿಪ್ಪನ್ನು ಅಬ್ಸಾರ್ಬರಿನ ಆಸೆಗೆ ಒಪ್ಪಿಕೊಳ್ಳಬೇಡಿ.

ತೂಕದ ಗರಿಷ್ಠ ಮಿತಿ 1,500 ಗ್ರಾಂ. ಎರಡೂ ಒಂದು ಕಿಲೋ ಆಸುಪಾಸಿನವು. ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸಕ್ಕಿಂತ ಆ ತೂಕ ಎಲ್ಲಿದೆ ಎಂಬುದು ಮುಖ್ಯ. ಮುಂದೆ ಭಾರವಿದ್ದರೆ ತೂಗಾಟ ನಿಧಾನವಾಗುತ್ತದೆ, ಆದರೆ ಶಾಟ್‌ಗಳು ಸಾಗಿದಂತೆ ಮಣಿಕಟ್ಟು ಸೋತು ಫ್ರಂಟ್ ಸೈಟು ಕಚ್ಚಿನಲ್ಲಿ ಕುಸಿಯುತ್ತದೆ. ಭುಜದ ಬಲ ಕಡಿಮೆಯಿರುವವರಿಗೆ ಎರಡು ಕಂಪನಿಯಲ್ಲೂ ಚಿಕ್ಕ ಬ್ಯಾರೆಲ್ಲಿನ ಮಾದರಿಯಿದೆ. ನಿಮಗೆ ಅದು ಬೇಕೇ ಎಂಬುದು ಅಂದು ಕೊನೆಯ ಇಪ್ಪತ್ತು ಶಾಟ್‌ಗಳಲ್ಲಿ ತಿಳಿಯುತ್ತದೆ.

ಸೈಟಿನ ಬಗ್ಗೆ ತಲೆಕೆಡಿಸಿಕೊಳ್ಳುವಂಥದ್ದಿಲ್ಲ. ಫ್ರಂಟ್ ಸೈಟಿನ ಅಗಲ, ಕಚ್ಚಿನ ಅಗಲ ಎರಡನ್ನೂ ಎರಡರಲ್ಲೂ ಬದಲಿಸಬಹುದು. ಹೋಲಿಸುವ ದಿನ ಎರಡು ಪಿಸ್ತೂಲಿನಲ್ಲೂ ಫ್ರಂಟ್ ಸೈಟಿನ ಎರಡು ಬದಿಯ ಬೆಳಕಿನ ಸಂದು ಒಂದೇ ಅಳತೆಗೆ ಕಾಣುವಂತೆ ಹೊಂದಿಸಿಕೊಂಡರೆ ಸಾಕು. ಒಂದರಲ್ಲಿ ಸಂದು ಅಗಲ, ಇನ್ನೊಂದರಲ್ಲಿ ಕಿರಿದು ಇದ್ದರೆ ನೀವು ಸೈಟನ್ನು ಹೋಲಿಸುತ್ತಿರುತ್ತೀರಿ, ಪಿಸ್ತೂಲನ್ನಲ್ಲ.

ಹೊಡೆದು ನೋಡುವ ದಿನ

ಬೆಳಿಗ್ಗೆ ಎರಡರ ಟ್ರಿಗರನ್ನೂ ಒಂದೇ ತೂಕದಿಂದ ಅಳೆದು 520 ಗ್ರಾಂಗೆ ತನ್ನಿ. ಒಂದು 510, ಇನ್ನೊಂದು 600 ಇಟ್ಟುಕೊಂಡು "ಇದು ಚೆನ್ನಾಗಿದೆ" ಎಂದು ತೀರ್ಮಾನಿಸುವುದೇ ಈ ಹೋಲಿಕೆಯಲ್ಲಿ ಎಲ್ಲರೂ ಮಾಡುವ ತಪ್ಪು. ಪೆಲೆಟ್ ಎರಡಕ್ಕೂ ಒಂದೇ ಡಬ್ಬಿಯದು. ಕಣ್ಣು ಮುಚ್ಚಿದ ಪರೀಕ್ಷೆ ಮುಗಿದ ಮೇಲೆ ಒಂದೊಂದರಲ್ಲೂ ಬಿಳಿ ಹಾಳೆಯ ಮೇಲೆ ಇಪ್ಪತ್ತು ಡ್ರೈ ಫೈರ್. ಕ್ಲಿಕ್ ಆಗುವ ಗಳಿಗೆ ಫ್ರಂಟ್ ಸೈಟು ನಡುಗಿತೋ ಇಲ್ಲವೋ, ನಡುಗಿದರೆ ಯಾವ ಕಡೆ ಎಂದು ಗುರುತು ಹಾಕಿಕೊಳ್ಳಿ.

ಆಮೇಲೆ ಹೊಡೆಯಿರಿ. ಸೈಟು ಹೊಂದಿಸಲು ಹದಿನೈದು ಶಾಟ್ ಬಿಟ್ಟು, ಹತ್ತರ ಕಂತುಗಳಲ್ಲಿ: ಮೊದಲು ಸ್ಟೈಯರ್, ಆಮೇಲೆ ಮೊರಿನಿ, ಮತ್ತೆ ಮೊರಿನಿ, ಮತ್ತೆ ಸ್ಟೈಯರ್. ವಿರಾಮದ ನಂತರ ಇದನ್ನೇ ತಿರುಗುಮುರುಗಾಗಿಸಿ ಇನ್ನೊಮ್ಮೆ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಹಿಡಿದರೆ ಎರಡನೆಯದರ ಪಾಲಿಗೆ ದಣಿದ ತೋಳು ಬರುತ್ತದೆ. ಪ್ರತಿ ಶಾಟ್ ಆದಾಗಲೂ ಮಾನಿಟರ್ ನೋಡುವ ಮುಂಚೆ "ಎಡ, ಒಂಬತ್ತು" ಎಂಬಂತೆ ಬಾಯಿಬಿಟ್ಟು ಹೇಳಿ, ಪಕ್ಕದವರಿಂದ ಬರೆಸಿ. ನೀವು ಹೇಳಿದ್ದಕ್ಕೂ ಬಿದ್ದದ್ದಕ್ಕೂ ಎಷ್ಟು ಸಲ ತಾಳೆಯಾಯಿತು ಎಂಬ ಲೆಕ್ಕ ಅಂಕಕ್ಕಿಂತ ಬೆಲೆಯುಳ್ಳದ್ದು. ತಾಳೆಯಾಗದ ಶಾಟ್ ಎಂದರೆ ಬಿಡುವ ಗಳಿಗೆಯಲ್ಲಿ ನಿಮಗೆ ಕಾಣದೇ ಏನೋ ಕದಲಿದೆ.

ಅಂಕವನ್ನೇ ನೋಡಿ ಆರಿಸುವಂತಿಲ್ಲವೇಕೆ? ನಿಮ್ಮ ಸರಾಸರಿ ಒಂದು ಶಾಟ್‌ಗೆ 9.2ರ ಆಸುಪಾಸು. ಶಾಟ್‌ನಿಂದ ಶಾಟ್‌ಗೆ ಏರಿಳಿತ ಸುಮಾರು 0.8 ಅಂಕ ಎಂದಿಟ್ಟುಕೊಂಡರೆ, 40 ಶಾಟ್‌ಗಳ ಮೊತ್ತದಲ್ಲಿ ಬರೀ ಅದೃಷ್ಟದಿಂದಲೇ 5 ಅಂಕ ಆಚೀಚೆ ಆಗುತ್ತದೆ. ಅಂಥ ಎರಡು ಮೊತ್ತಗಳ ನಡುವಿನ ಅಂತರ 7 ಅಂಕ ಬಂದರೂ ಅದರಿಂದ ಏನೂ ಸಾಬೀತಾಗದು. ಒಂದೇ ಪಿಸ್ತೂಲಿನಲ್ಲಿ ಎರಡು ಸಲ ಹೊಡೆದರೂ ಅಷ್ಟು ವ್ಯತ್ಯಾಸ ಬರುತ್ತದೆ. 363 ಬಂದ ಪಿಸ್ತೂಲು 368 ಬಂದದ್ದಕ್ಕಿಂತ ಕೈಗೆ ಹೊಂದುವುದಾಗಿದ್ದೀತು. ಬದಲಿಗೆ ಗುಂಪಿನ ಆಕಾರ ನೋಡಿ. ದುಂಡಗೆ ಹರಡಿದ ಗುಂಪು ತೋಳಿನ ತೂಗಾಟದ್ದು, ಅಭ್ಯಾಸದಿಂದ ಕಿರಿದಾಗುತ್ತದೆ. ಒಂದು ಕಡೆಗೆ ಬಾಲ ಬೆಳೆದ ಗುಂಪು, ಅದೂ ಬಲಗೈಯವರಲ್ಲಿ ಎಡ-ಕೆಳಕ್ಕೆ ಎಳೆದದ್ದು, ಒತ್ತುವಾಗ ಗ್ರಿಪ್ಪನ್ನೂ ಹಿಂಡುತ್ತಿರುವುದರ ಗುರುತು. ಒಂದು ಪಿಸ್ತೂಲಿನಲ್ಲಿ ಆ ಬಾಲ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ನಿಮ್ಮ ಉತ್ತರ ಅಲ್ಲೇ ಸಿಕ್ಕಿತು.

ಹಾಗೆ ಸ್ಪಷ್ಟ ಉತ್ತರ ಸಿಗದೆ ಎರಡೂ ಸಮ ಎನ್ನಿಸಿದರೆ, ನಿಮಗೆ ನಾನು ಹೇಳುವುದು ಇವೊ 10. ಹೊಸದು, ವಾರಂಟಿ ಇದೆ, ಗ್ರಿಪ್ಪು ಕೆತ್ತಿಲ್ಲ, ನಿಮ್ಮ ಬಳಿ ಬದಲಿ ಪಿಸ್ತೂಲಿಲ್ಲ. ಇದಕ್ಕೆ ಎರಡು ಸಂದರ್ಭಗಳಲ್ಲಿ ವಿನಾಯಿತಿ ಕೊಡುತ್ತೇನೆ. ಮೊರಿನಿಯ ಗ್ರಿಪ್ಪು ಕಣ್ಣು ಮುಚ್ಚಿದ ಪರೀಕ್ಷೆಯಲ್ಲಿ ನಿಚ್ಚಳವಾಗಿ ಮುಂದಿದ್ದರೆ ಮೊರಿನಿಯೇ ಸರಿ. ನಿಮ್ಮ ರೇಂಜಿನಲ್ಲಿ ಮೊರಿನಿ ರಿಪೇರಿ ಬಲ್ಲವರಿದ್ದು ಸ್ಟೈಯರಿನ ಸೀಲು, ಸ್ಪ್ರಿಂಗು ತಿಂಗಳುಗಟ್ಟಲೆ ಕಾದು ತರಿಸಬೇಕಾದ ಪರಿಸ್ಥಿತಿಯಿದ್ದರೂ ಅಷ್ಟೇ.

ಬಳಸಿದ ಮೊರಿನಿಯಲ್ಲಿ ನೋಡಬೇಕಾದ್ದು

ಮೊದಲು ಒತ್ತಡದ ಗಾಳಿ ತುಂಬಿಡುವ ಸಿಲಿಂಡರ್. ಮೇಲೆ ಅಚ್ಚಾಗಿರುವ ತಾರೀಖು ಓದಿ. ಸಾಮಾನ್ಯವಾಗಿ ತಯಾರಾದಂದಿನಿಂದ 10 ವರ್ಷದ ಅವಧಿ ಇರುತ್ತದೆ. ಅವಧಿಯೊಳಗಿನ ಸಿಲಿಂಡರ್ ಬಳಸುವುದು ಶೂಟರನದೇ ಜವಾಬ್ದಾರಿ ಎಂದು ನಿಯಮ ಹೇಳುತ್ತದೆ. ಪಿಸ್ತೂಲಿಗೆ ನಾಲ್ಕು ವರ್ಷ ಎಂದಮಾತ್ರಕ್ಕೆ ಸಿಲಿಂಡರಿಗೂ ನಾಲ್ಕೇ ಎಂದು ನಂಬಬೇಡಿ. ಎರಡು ಸಿಲಿಂಡರ್, ತುಂಬಿಸುವ ಅಡಾಪ್ಟರ್ ಇದೆಯೇ ಕೇಳಿ.

ಸೋರಿಕೆ ನೋಡಲು 200 ಬಾರ್‌ಗೆ ನಿಧಾನವಾಗಿ ತುಂಬಿಸಿ, ಒಂದು ಗಂಟೆ ತಣಿಯಲು ಬಿಟ್ಟು ಗೇಜಿನ ಅಂಕಿ ಬರೆದುಕೊಂಡು ಮರುದಿನ ಅದೇ ಹೊತ್ತಿಗೆ ನೋಡಿ. ತುಂಬಿಸುವಾಗ ಗಾಳಿ ಬಿಸಿಯಾಗುವುದರಿಂದ ತಣಿಯುವ ಮುಂಚಿನ ಅಂಕಿಗೆ ಅರ್ಥವಿಲ್ಲ. ಕೋಣೆಯ ಉಷ್ಣತೆ 10 ಡಿಗ್ರಿ ಇಳಿದರೆ 200 ಬಾರ್ ಇದ್ದದ್ದು ಸೋರದೆಯೂ ಸುಮಾರು 193ಕ್ಕೆ ಬರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿ. ಸಿಲಿಂಡರನ್ನು ಒಮ್ಮೆ ಪಿಸ್ತೂಲಿಗೆ ಹಾಕಿ, ಇನ್ನೊಮ್ಮೆ ಬಿಡಿಯಾಗಿ ಇಟ್ಟು ನೋಡಿದರೆ ಸೋರುತ್ತಿರುವುದು ಸಿಲಿಂಡರಿನ ವಾಲ್ವೋ ಪಿಸ್ತೂಲಿನ ಸೀಲೋ ಗೊತ್ತಾಗುತ್ತದೆ. ಉಸಿರಾಟದ ಗಾಳಿ ತುಂಬುವ ಡೈವಿಂಗ್ ಸಿಲಿಂಡರ್ ಅಥವಾ ತೇವ ಹೀರುವ ಫಿಲ್ಟರ್ ಇರುವ ಪಂಪಿನಿಂದಷ್ಟೇ ತುಂಬಿಸಬೇಕು. ಆಮ್ಲಜನಕ ತುಂಬಿಸಿದರೆ ಒಳಗಿನ ಎಣ್ಣೆಯಂಶದ ಜೊತೆ ಸೇರಿ ಸಿಡಿಯುತ್ತದೆ.

ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಇಪ್ಪತ್ತು ಶಾಟ್ ಅಳೆಯಿರಿ. ವೇಗ ಸೆಕೆಂಡಿಗೆ 150 ಮೀಟರಿನ ಆಸುಪಾಸು ಇದ್ದು, ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಮೂರ್ನಾಲ್ಕು ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಹತ್ತು ನಿಮಿಷ ಸುಮ್ಮನಿಟ್ಟು ಹೊಡೆದ ಮೊದಲ ಶಾಟ್ ಮಾತ್ರ ಬೇರೆ ವೇಗದಲ್ಲಿ ಬಂದರೆ ಪ್ರತಿ ಶಾಟ್‌ಗೂ ಗಾಳಿಯ ಒತ್ತಡವನ್ನು ಒಂದೇ ಸಮ ಇಡಬೇಕಾದ ರೆಗ್ಯುಲೇಟರ್ ಒತ್ತಡವನ್ನು ಹಿಡಿದಿಡುತ್ತಿಲ್ಲ. ಅದು ಸರಿಪಡಿಸಬಹುದಾದದ್ದೇ, ಆದರೆ ಬೆಲೆಯಲ್ಲಿ ಕಳೆಯಬೇಕಾದದ್ದು.

ಎಲೆಕ್ಟ್ರಾನಿಕ್ಸ್ ನೋಡಲು ಬ್ಯಾಟರಿ ಮುಚ್ಚಳ ತೆಗೆದು ಸಂಪರ್ಕದ ಹಾಳೆಗಳನ್ನು ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಬ್ಯಾಟರಿ ಒಳಗೇ ಸೋರಿದೆ, ಅಂಥದ್ದನ್ನು ಬಿಟ್ಟುಬಿಡಿ. ಆನ್-ಆಫ್ ಹತ್ತು ಸಲ, ಐವತ್ತು ಡ್ರೈ ಫೈರ್. ಒಂದು ಸಲ ಕ್ಲಿಕ್ ತಪ್ಪಿದರೂ "ಯಾವಾಗಲೋ ಒಮ್ಮೆ ಹೀಗೆ" ಎಂಬ ಮಾತನ್ನು ಒಪ್ಪಬೇಡಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಒಳಗೆ ಕೈಯಾಡಿಸಿದವರಿಗೆ ಕೆಲಸ ಗೊತ್ತಿರಲಿಲ್ಲ. ಲೋಡಿಂಗ್ ಲಿವರಿನ ಕೀಲಿನಲ್ಲಿ ಆಚೀಚೆ ಆಟ ಇದೆಯೇ ನೋಡಿ. ಈ ತಪಾಸಣೆಯ ಉದ್ದಕ್ಕೂ, ಹೊಡೆಯದ ಹೊತ್ತಿನಲ್ಲೆಲ್ಲ ಸೇಫ್ಟಿ ಫ್ಲ್ಯಾಗಿನ (ಬ್ಯಾರೆಲ್ ಖಾಲಿಯಿದೆ ಎಂದು ತೋರಿಸುವ ಗುರುತು) ದಾರ ಬ್ಯಾರೆಲ್ಲಿನ ಈ ತುದಿಯಿಂದ ಆ ತುದಿಗೆ ಹಾದಿರಲಿ.

ಯಾವುದನ್ನೇ ಕೊಂಡರೂ ಪೆಲೆಟ್ ಪರೀಕ್ಷೆಯೊಂದು ಬಾಕಿ ಇರುತ್ತದೆ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್ ಮೊದಲಾದವು 4.49, 4.50ರಂತೆ ಬೇರೆ ಬೇರೆ ತಲೆ ಅಳತೆಯಲ್ಲಿ ಬರುತ್ತವೆ. ಪಿಸ್ತೂಲನ್ನು ಆಸರೆಗೆ ಬಿಗಿದು ಒಂದೊಂದು ಅಳತೆಯಲ್ಲಿ ಹತ್ತು ಶಾಟ್‌ಗಳ ಮೂರು ಗುಂಪು ಹೊಡೆದು, ಮೂರರಲ್ಲೂ ಚಿಕ್ಕದಾಗಿ ನಿಂತದ್ದನ್ನು ಆರಿಸಿ, ಅದೇ ಲಾಟ್ ಸಂಖ್ಯೆಯ ಡಬ್ಬಿಗಳನ್ನು ಒಂದು ವರ್ಷಕ್ಕಾಗುವಷ್ಟು ಒಟ್ಟಿಗೆ ತೆಗೆದಿಡಿ.